ನಾನು ಕಳಿಸಿದ ಸುದ್ದಿ, ಅಚ್ಚಾಗಿ ಬಂದ ಸುದ್ದಿ

ಬಡವರ ವಿಷಯ ಪೇಪರಿಗೆ ಬರೆಯುವವನ ಕೈಯಲ್ಲಿ ಯಾವಾಗಲೂ ಎರಡು ಸುದ್ದಿ ಇರುತ್ತವೆ. ಒಂದು ಅವನು ಕಳಿಸಿದ್ದು, ಇನ್ನೊಂದು ಅಚ್ಚಾಗಿ ಬಂದದ್ದು. ಅವೆರಡೂ ಒಂದೇ ಆದದ್ದನ್ನು ನನ್ನ ಇಡೀ ಚಾಕರಿಯಲ್ಲಿ ನಾನು ಕಾಣಲಿಲ್ಲ. ಹೀಗಾಗಿ ನಗುವ ಪ್ರಸಂಗಗಳಿಗೆ ನನಗೆ ಎಂದೂ ಬರ ಬೀಳಲಿಲ್ಲ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ಹೈದರಾಬಾದಿನ ಒಂದು ಉರ್ದು ದಿನಪತ್ರಿಕೆಗೆ ನಮ್ಮ ಭಾಗದ ನಾಮಾನಿಗಾರ, ಅಂದರೆ ವರದಿಗಾರ, ನಾನು. ಮನೆ ಶಹಾಬಾದಿನಲ್ಲಿ, ಅಪ್ಪನದು ಕಿರಾಣಿ ಅಂಗಡಿ. ಮನೆಯೊಳಗಿನ ಮಾತು ಕನ್ನಡ, ಸಾಲಿಯೊಳಗೆ ಕಲಿತದ್ದು ಉರ್ದು. ಹಣೆಯ ಮೇಲೆ ವಿಭೂತಿ ಹಚ್ಚಿಕೊಂಡು ಬಲದಿಂದ ಎಡಕ್ಕೆ ಬರೆಯುವ ನನ್ನಂಥವರು ಆಗ ಊರಿಗೆ ಹತ್ತಾರು ಮಂದಿ ಇದ್ದರು. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಎಲ್ಲಕ್ಕೂ ರೈಲಿತ್ತು. ಚಿಂಚೋಳಿಗೆ ಮಾತ್ರ ಎತ್ತಿನ ಗಾಡಿ ಹೂಡಬೇಕು.

ಪೇಪರಿನವರಿಗೆ ಬೇಕಾದದ್ದು ಊರೂರು ತಿರುಗುವ ಸಾಹೇಬರ ದೌರೆ, ಜಾಗೀರದಾರರ ಮನೆಯ ಲಗ್ನ. ಅದನ್ನೂ ಕಳಿಸುತ್ತಿದ್ದೆ. ಆದರೆ ಅದರ ಜೊತೆಗೆ ಕಲ್ಲಿನ ಖಣಿಯವರು, ಹಮಾಲರು, ತಾಂಡಾದವರು, ಊರ ಹೊರಗಿನ ಕೇರಿಯವರು, ಇವರ ಸುದ್ದಿಯನ್ನೂ ಹಠ ಹಿಡಿದು ಕಳಿಸುತ್ತಿದ್ದೆ. ನಮ್ಮ ಸಂಪಾದಕರು ಒಳ್ಳೆಯ ಮನುಷ್ಯ. ಬಡವರ ಮೇಲೆ ಅವರಿಗೆ ಭಾಳ ಕರುಣೆ. ಬಡವರನ್ನು ಹತ್ತಿರದಿಂದ ನೋಡಿರಲಿಲ್ಲ, ಅದೊಂದೇ ಕೊರತೆ.

ಶಹಾಬಾದ: ವಗೈರಾ

ಒಂದು ಮಳೆಗಾಲದಲ್ಲಿ ನಮ್ಮೂರ ಖಣಿಯ ದಂಡೆ ಕುಸಿಯಿತು. ಕೆಲಸ ನೋಡಲು ಟಾಂಗಾದಲ್ಲಿ ಬಂದಿದ್ದ ಗುತ್ತೇದಾರರು ಕುದುರೆ ಸಮೇತ ಜಾರಿ ಕೆಸರುನೀರಿಗೆ ಬಿದ್ದರು. ಸುತ್ತ ನಿಂತ ಗಂಡಸರು ಕೂಗಾಡುತ್ತಿರುವಾಗ, ಕಲ್ಲು ಹೊರುತ್ತಿದ್ದ ಹೆಂಗಸೊಬ್ಬಳು ಬುಟ್ಟಿ ಬಿಸಾಕಿ ಕೆಳಗೆ ಧುಮುಕಿದಳು. ಕುದುರೆಯ ಕೊರಳಿನ ಪಟ್ಟಿ ಬಿಚ್ಚಿದಳು, ಗುತ್ತೇದಾರರ ಶೇರವಾನಿಯ ಕಾಲರು ಹಿಡಿದಳು, ಇಬ್ಬರನ್ನೂ ಮೇಲಕ್ಕೆ ತಂದಳು.

ಆಕೆಯ ಹೆಸರು, ಗಂಡನ ಹೆಸರು, ತವರೂರು, ಎಲ್ಲ ವಿಚಾರಿಸಿ ಬರೆದು ಕಳಿಸಿದೆ. ಪೇಪರು ಬಂತು. ಗುತ್ತೇದಾರರ ಹೆಸರು ಬಿರುದುಗಳ ಸಮೇತ ಇತ್ತು. ಕುದುರೆಯ ಹೆಸರು, ಬಣ್ಣ, ತಳಿ, ಅದನ್ನು ಯಾವ ಸಂತೆಯಲ್ಲಿ ಕೊಂಡದ್ದು, ಅದೂ ಇತ್ತು. ಕೊನೆಗೆ, 'ಸ್ಥಳದಲ್ಲಿದ್ದ ಕೂಲಿಗಳು ವಗೈರಾ ನೆರವಾದರು' ಎಂದು ಮುಗಿದಿತ್ತು.

ಮರುದಿನ ಆ ಹೆಂಗಸು ಅಂಗಡಿಗೆ ಬಂದಳು. "ಅಪ್ಪಾ, ನನ್ನ ಹೆಸರ ಬಂದದಂತ. ಜರಾ ಓದಿ ಹೇಳ್ರಿ."

ಓದಿದೆ. ಆಕೆ ಗಮನವಿಟ್ಟು ಕೇಳಿದಳು. "ಇದ್ರಾಗ ನಾ ಎಲ್ಲಿ ಅದೀನಿ?"

"ವಗೈರಾ ಅಂತ ಅದ ನೋಡವ್ವಾ, ಅದು ನೀನೇ."

ಆಕೆ ಪೇಪರಿನ ಮೇಲೆ ಬೆರಳಿಟ್ಟು ಆ ಅಕ್ಷರ ನೋಡಿದಳು. ಬಾಜೂಕಿನ ಸುದ್ದಿಯನ್ನೂ ಓದಿಸಿದಳು. ಅದು ದೊಡ್ಡವರೊಬ್ಬರ ಮನೆಯ ಲಗ್ನ: ಇಂಥವರು, ಇಂಥವರು, ವಗೈರಾ ಬಂದಿದ್ದರು. ಅದರ ಕೆಳಗಿನದು ಹಕೀಮರ ಮನೆಯ ಔತಣ. ಅಲ್ಲಿಯೂ ಇಂಥವರು, ಇಂಥವರು, ವಗೈರಾ ಊಟಕ್ಕೆ ಕುಳಿತಿದ್ದರು.

ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. "ನಾ ಖಣಿ ಬಿಟ್ಟು ಎಲ್ಲೂ ಹೋದಾಕಿ ಅಲ್ಲಪಾ. ಇಕಿ ಬ್ಯಾರೆ ಯಾರೋ ಅದಾಳ. ಇಷ್ಟು ಔತಣ ಉಂಡಾಕಿನ್ನ ಒಂದಿನ ಖಣಿಗಿ ಕಳಸ್ರಿ, ಕಲ್ಲು ಹೊರಾಕ ಬರ್ತದೇನು ನೋಡೂಣು."

ವಾಡಿ: ತಲೆಯ ಮೇಲಿನ ಭಾರ

ಈ ಮಾತನ್ನು ಇದ್ದದ್ದು ಇದ್ದಂತೆ ಸಂಪಾದಕರಿಗೆ ಬರೆದು, ಒಮ್ಮೆ ನಮ್ಮ ಕಡೆ ಬಂದು ನೋಡಿರಿ ಎಂದು ಕರೆದೆ. ಅವರಿಗೂ ಅದು ಸರಿ ಕಂಡಿತು. ವಾಡಿ ಜಂಕ್ಷನ್ನಿನ ಹಮಾಲರ ಕಷ್ಟದ ಮೇಲೆ ತಾವೇ ಒಂದು ಲೇಖನ ಬರೆಯುವುದಾಗಿ ತಿಳಿಸಿ, ಹೊರಟೇ ಬಂದರು.

ರೈಲು ಇಳಿದರು. ದೊಡ್ಡ ಲೋಹದ ಪೆಟ್ಟಿಗೆಯನ್ನು ವಯಸ್ಸಾದ ಹಮಾಲನೊಬ್ಬನ ತಲೆಯ ಮೇಲೆ ಹೊರಿಸಿದರು. ಎರಡು ಹೆಜ್ಜೆ ಹೋಗುವುದರೊಳಗೆ ಎದುರಿಗೆ ಸ್ಟೇಷನ್ ಮಾಸ್ತರರು ಸಿಕ್ಕರು. ಸಂಪಾದಕರು ಅಲ್ಲೇ ನಿಂತು ಕೇಳಲು ಶುರು ಮಾಡಿದರು. ಹಮಾಲರ ಊಟ ಹೇಗೆ, ವಸತಿ ಹೇಗೆ, ಮಾಲಕರ ಮೇಲೆ ಅವರಿಗೆ ಸಿಟ್ಟಿದೆಯೇ? ಸ್ಟೇಷನ್ ಮಾಸ್ತರರು ಎಲ್ಲದಕ್ಕೂ ಉತ್ತರ ಕೊಟ್ಟರು. ಹಮಾಲರು ಭಾಳ ಸುಖವಾಗಿದ್ದಾರೆ ಎಂಬುದು ಆ ಉತ್ತರಗಳ ತಾತ್ಪರ್ಯ.

ಹಮಾಲ ಪೆಟ್ಟಿಗೆ ಹೊತ್ತುಕೊಂಡು ಪಕ್ಕದಲ್ಲೇ ನಿಂತಿದ್ದ. ಒಮ್ಮೆ ಬಲಗಾಲಿನ ಮೇಲೆ ಭಾರ ಹಾಕಿದ, ಒಮ್ಮೆ ಎಡಗಾಲಿನ ಮೇಲೆ. "ಇವನನ್ನೇ ಕೇಳಬಹುದಲ್ಲ ಸಾಹೇಬ್" ಎಂದು ನಾನು ಮೆಲ್ಲಗೆ ಹೇಳಿದೆ. ಸಂಪಾದಕರು ಅವನತ್ತ ತಿರುಗಿ, ಕಣ್ಣು ತುಂಬಿಕೊಂಡು ಹೇಳಿದರು: "ಭಾಯಿ, ನಿನ್ನ ತಲೆಯ ಮೇಲಿನ ಭಾರ ಇಳಿಸುವುದೇ ನಮ್ಮ ಪತ್ರಿಕೆಯ ಧ್ಯೇಯ. ಅದು ಹೇಗೆ ಸಾಧ್ಯ, ನೀನೇ ಹೇಳು."

ಹಮಾಲ ಹೇಳಿದ: "ಆ ಕಡಿಯಿಂದ ನೀವು ಹಿಡೀರಿ ಸಾಹೇಬ್ರ, ಈ ಕಡಿಯಿಂದ ನಾ ಹಿಡೀತೀನಿ."

ಚಿತ್ತಾಪುರ: ಬೇವಿನ ಗಿಡದ ನೆರಳು

ಚಿತ್ತಾಪುರದ ಹತ್ತಿರದ ಒಂದು ಊರಿನ ಸಾಲಿಯಲ್ಲಿ ಕೇರಿಯ ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ. ಬಿಡಬಾರದೆಂದು ಕಾಯ್ದೆ ಏನೂ ಇರಲಿಲ್ಲ. ಊರವರ ಮಾತು, ಮಾಸ್ತರರ ಅಂಜಿಕೆ, ಅಷ್ಟೇ. ಆ ಮಕ್ಕಳು ಅಂಗಳದ ಬೇವಿನ ಗಿಡದ ಕೆಳಗೆ ಕುಳಿತು, ಕಿಟಕಿಯಿಂದ ಬಂದಷ್ಟು ಪಾಠ ಕಲಿಯುತ್ತಿದ್ದರು. ಕಿಟಕಿ ಮುಚ್ಚಿದ ದಿನ ರಜೆ.

ಇದನ್ನು ನೋಡಿ ನನಗೆ ಸಂಕಟವಾಗಿ, ಇದ್ದದ್ದನ್ನು ಇದ್ದಂತೆ ಬರೆದು ಕಳಿಸಿದೆ. ಆದರೆ ಅಂಥ ಮಾತು ಅಚ್ಚು ಹಾಕಲು ಸಂಪಾದಕರಿಗೆ ಧೈರ್ಯ ಸಾಲಲಿಲ್ಲ. ಊರವರು ಸಿಟ್ಟಾದಾರು, ಇಲಾಖೆಯವರು ಮುನಿದಾರು. ಬಿಟ್ಟುಬಿಡಲೂ ಅವರ ಮನಸ್ಸು ಒಪ್ಪಲಿಲ್ಲ. ಸುದ್ದಿಯ ಹಲ್ಲು ಕಿತ್ತು ಮೇಲೊಂದು ತಲೆಬರಹ ಕೊಟ್ಟರು: 'ಚಿತ್ತಾಪುರದ ಕಡೆ ತಾಜಾ ಹವೆಯಲ್ಲಿ ವಿದ್ಯಾಭ್ಯಾಸ. ಒಂದು ಹೊಸ ಪ್ರಯೋಗ.'

ಓದಿ ನಾನು ತಲೆ ಮೇಲೆ ಕೈ ಹೊತ್ತು ಕುಳಿತೆ. ಆದರೆ ಅದನ್ನು ಇನ್ನೊಬ್ಬರೂ ಓದಿದ್ದರು. ಸಾಲಿಗಳ ತಪಾಸಣೆ ಮಾಡುವ ಸಾಹೇಬರು. ಅವರಿಗೆ ಆರೋಗ್ಯದ ಹುಚ್ಚು. ದಿನಾ ಬೆಳಿಗ್ಗೆ ಬಯಲಿನಲ್ಲಿ ನಿಂತು ಉಸಿರು ಎಳೆಯುವವರು. ಹೊಸ ಪ್ರಯೋಗ ನೋಡಲು ಕುದುರೆ ಹತ್ತಿ ಬಂದೇಬಿಟ್ಟರು. ಸುದ್ದಿ ಸಿಕ್ಕು ನಾನೂ ಹೋಗಿದ್ದೆ.

ಗಿಡದ ಕೆಳಗಿನ ಮಕ್ಕಳನ್ನು ನೋಡಿ ಅವರಿಗೆ ಖುಷಿಯಾಯಿತು. "ಈ ಪ್ರಯೋಗ ಯಾರದು?" ಎಂದರು.

ಮಾಸ್ತರರು ಒಂದು ಸಲ ನನ್ನನ್ನು ನೋಡಿದರು, ಒಂದು ಸಲ ಗಿಡವನ್ನು ನೋಡಿದರು. "ನಮ್ಮದೇ, ಸರ್ಕಾರ್."

"ಶಹಬ್ಬಾಸ್. ಹಾಗಾದರೆ ಇಷ್ಟೇ ಮಕ್ಕಳಿಗೆ ಯಾಕೆ? ಒಳಗೆ ಕುಂತವರೇನು ಪಾಪ ಮಾಡಿದ್ದಾರೆ?"

ಅಂದೇ ಹುಕುಂ ಆಯಿತು. ಗೌಡರ ಮಗ, ಸಾಹುಕಾರರ ಮಗ, ಪೋಸ್ಟಿನವರ ಮಕ್ಕಳು, ಎಲ್ಲರೂ ಬೇವಿನ ಗಿಡದ ಕೆಳಗೆ. ತಂದೆಯರು ಜಗಳಕ್ಕೆ ಬಂದರು. ಮಾಸ್ತರರು ಕೈಮುಗಿದು, ಸರ್ಕಾರದ ಹುಕುಂ ಮುರಿಯುವ ಧೈರ್ಯ ನಿಮಗಿದ್ದರೆ ಹೇಳಿರಿ ಎಂದರು. ಯಾರಿಗೂ ಇರಲಿಲ್ಲ. ಮಕ್ಕಳಿಗೋ ಹಬ್ಬ. ಕೆಲವೇ ದಿನಗಳಲ್ಲಿ ಒಬ್ಬರ ಪಾಟಿ ಇನ್ನೊಬ್ಬರ ಕೈಯಲ್ಲಿ, ಒಬ್ಬರ ಬುತ್ತಿ ಇನ್ನೊಬ್ಬರ ಬಾಯಲ್ಲಿ.

ಹೀಗಿರುವಾಗ ಒಂದು ಮಧ್ಯಾಹ್ನ ಮುಂಗಾರಿನ ಮೊದಲ ಮಳೆ ಹೊಡೆಯಿತು. ಇಡೀ ಸಾಲಿ ಒಂದೇ ಉಸಿರಿಗೆ ಒಳಗೆ ಓಡಿ, ಜಾಗ ಸಿಕ್ಕಲ್ಲಿ ಕುಳಿತಿತು. ಎಲ್ಲರ ಮೈಮೇಲೂ ಕೆಸರು. ಮಾಸ್ತರರಿಗೆ ಹಳೆಯ ಅಂಜಿಕೆ ತಿರುಗಿ ಬಂತು. ಬೆತ್ತ ಹಿಡಿದು ಬಾಗಿಲಲ್ಲಿ ನಿಂತು ಕೇಳಿದರು: "ಹೊರಗ ಕುಂದ್ರವರು ಯಾರ್ಯಾರಿದ್ದೀರಿ, ಎದ್ದು ನಿಂದರ್ರಿ."

ಇಡೀ ಸಾಲಿ ಎದ್ದು ನಿಂತಿತು.

ಚಿಂಚೋಳಿ: ತಾಂಡಾದ ಕುಣಿತ

ಚಿಂಚೋಳಿ ಕಾಡಂಚಿನ ಒಂದು ಲಮಾಣಿ ತಾಂಡಾದಲ್ಲಿ ಸರ್ಕಾರದವರು ಬಾವಿ ತೋಡಲು ಶುರು ಮಾಡಿ, ಅರ್ಧಕ್ಕೆ ಬಿಟ್ಟು ಹೋಗಿದ್ದರು. ಹೆಂಗಸರು ಗುಡ್ಡ ಇಳಿದು ಹಳ್ಳದಿಂದ ನೀರು ಹೊತ್ತು ತರಬೇಕು. ನಾನು ಇದನ್ನು ಮತ್ತೆ ಮತ್ತೆ ಬರೆದೆ. ಸಂಪಾದಕರು ಮತ್ತೆ ಮತ್ತೆ ಬದಿಗಿಟ್ಟರು. ಬಾವಿಯ ಸುದ್ದಿ ಓದುಗರಿಗೆ ರುಚಿಸುವುದಿಲ್ಲ, ಲಮಾಣಿಗಳೆಂದರೆ ಕನ್ನಡಿ ಹಚ್ಚಿದ ಲಂಗ, ಕುಣಿತ, ಅದು ಬೇಕು ಎಂದರು. ಪಟ್ಟಣದಿಂದ ಒಬ್ಬ ಫೋಟೋಗ್ರಾಫರನನ್ನೂ ಕಳಿಸಿದರು.

ಆತ ಶೇರವಾನಿ, ಕೆಂಪು ರೂಮಿ ಟೋಪಿ ಹಾಕಿದ ನಾಜೂಕಿನ ಮನುಷ್ಯ. ತಂದ ಫೋಟೋ ಪ್ಲೇಟುಗಳನ್ನೆಲ್ಲ ದಾರಿಯ ಮೇಲೆ ಚಂದ್ರಂಪಳ್ಳಿ ಕಡೆಯ ಕಾಡಿನಲ್ಲಿ ನವಿಲುಗಳಿಗೆ ಖರ್ಚು ಮಾಡಿದ್ದ. ನವಿಲು ಒಂದೂ ನಿಲ್ಲಲಿಲ್ಲ. ತಾಂಡಾ ಮುಟ್ಟಿದಾಗ ಉಳಿದದ್ದು ಒಂದೇ ಪ್ಲೇಟು.

ಬಿರುಬೇಸಿಗೆ. ಹೆಂಗಸರು ಆಗಷ್ಟೇ ನೀರು ಇಳಿಸಿ, ಕೊಡಗಳನ್ನು ಪಕ್ಕಕ್ಕಿಟ್ಟು ಬಾವಿಯ ದಂಡೆಗೆ ಕುಳಿತಿದ್ದರು. ಫೋಟೋಗ್ರಾಫರ ಮೂರು ಕಾಲಿನ ಕ್ಯಾಮೆರಾ ನಿಲ್ಲಿಸಿ, ಕುಣಿಯಿರಿ ಎಂದ.

ತಾಂಡಾದ ಮುಖ್ಯಸ್ಥ, ನಾಯಕ, ಬಿಳಿಮೀಸೆಯ ಮುದುಕ, ಚಿಲುಮೆ ಕೆಳಗಿಟ್ಟ. "ನೀರು ಹೊತ್ತ ಕಾಲು ಕುಣೀತಾವೇನು, ಸಾಬ? ಬಾವಿದು ಫೋಟೋ ತೆಗೀರಿ."

"ಬಾವಿ ಬೇಡ. ನನಗೆ ಕುಣಿತ ಬೇಕು."

"ನಿಮ್ಮ ಊರಾಗ ಫೋಟೋ ತೆಗಿಬೇಕಾದ್ರ ಎಲ್ಲಾರೂ ಕುಣೀತಾರೇನು?"

"ಇಲ್ಲ."

"ಮತ್ತ ನಮಗ್ಯಾಕ ಅಂತೀರಿ?"

ಫೋಟೋಗ್ರಾಫರ ಟೋಪಿ ಸರಿಮಾಡಿಕೊಂಡ. ಇವರಿಗೆ ನಾಚಿಕೆ, ತಾನೇ ಒಂದೆರಡು ಹೆಜ್ಜೆ ಹಾಕಿ ತೋರಿಸಿದರೆ ಎದ್ದೇಳುತ್ತಾರೆ ಎಂದು ಲೆಕ್ಕ ಹಾಕಿದ. ಜೊತೆಗಿದ್ದ ನನ್ನನ್ನು ಕರೆದು ಕ್ಯಾಮೆರಾದ ನಳಿಕೆಯ ತುದಿಗಿದ್ದ ರಬ್ಬರಿನ ಚೆಂಡು ಕೈಗೆ ಕೊಟ್ಟ. "ನಾನು ಕೈ ಮೇಲೆತ್ತಿದ ಕೂಡಲೇ ಇದನ್ನು ಒತ್ತಿರಿ." ಹೋಗಿ ಹೆಂಗಸರ ಮುಂದೆ ನಿಂತ. ಒಂದು ಕೈ ಸೊಂಟದ ಮೇಲಿಟ್ಟ. ಮೈ ಬಳುಕಿಸಿದ. ಟೋಪಿಯ ಗೊಂಡೆ ಹಾರಾಡಿತು. ಹಾಗೆಯೇ ಒಂದು ಸುತ್ತು ತಿರುಗಿ, ಇನ್ನೊಂದು ಕೈ ಮೇಲೆತ್ತಿದ.

ನಾನು ಒತ್ತಿದೆ.

ಆ ವಾರ ಪುಟಕ್ಕೆ ಫೋಟೋ ಬೇಕೇಬೇಕಿತ್ತು, ಇದ್ದದ್ದು ಅದೊಂದೇ. 'ಚಿಂಚೋಳಿ ಕಡೆಯ ತಾಂಡಾದಲ್ಲಿ ಕುಣಿತ' ಎಂದು ಹಾಕಿದರು. ಮುಂದೆ ಶೇರವಾನಿ ತೊಟ್ಟ ಮನುಷ್ಯ ಒಂದು ಕಾಲ ಮೇಲೆ. ಹಿಂದೆ ಬಾಯಿಗೆ ಸೆರಗು ಒತ್ತಿಕೊಂಡ ಹೆಂಗಸರು, ಅವರ ಬಾಜೂಕ ಕೊಡಗಳು, ಮತ್ತೆ ಅರ್ಧ ತೋಡಿದ ಬಾವಿ, ಸ್ಪಷ್ಟವಾಗಿ. ಪಟ್ಟಣದ ದೊಡ್ಡ ಅಧಿಕಾರಿಯೊಬ್ಬರು ಅದನ್ನು ನೋಡಿ ನಕ್ಕು ನಕ್ಕು, ಕಣ್ಣೊರೆಸಿಕೊಂಡು ಇನ್ನೊಮ್ಮೆ ನೋಡಿ, "ಆ ಬಾವಿ ಯಾಕೆ ಹಾಗೆ ಬಿದ್ದಿದೆ?" ಎಂದು ಕೇಳಿದರಂತೆ. ಮುಂದಿನ ಬೇಸಿಗೆಯೊಳಗೆ ಬಾವಿಗೆ ನೀರು ಬಂತು.

ನಾನು ನೋಡಲು ಹೋದಾಗ ನಾಯಕ ಹೊಸ ಬಾವಿಯ ನೀರೇ ಕುಡಿಯಲು ಕೊಟ್ಟ. "ನಾವು ದೇವರ ಮುಂದ ವರ್ಷಾ ವರ್ಷಾ ಕುಣೀತೀವಿ ಸಾಬ, ಒಮ್ಮೆ ಕೊಡ್ತಾನ, ಒಮ್ಮೆ ಇಲ್ಲ. ನಿಮ್ಮ ಟೋಪಿ ಸಾಬ ಒಂದ ಸುತ್ತು ತಿರುಗಿದ, ಬಾವಿ ಆತು. ನಮಗ ರಸ್ತಾನೂ ಇಲ್ಲ. ಅವರನ್ನ ಇನ್ನೊಮ್ಮೆ ಕಳಸ್ರಿ."

ಸೇಡಂ: ಸತ್ತ ಸೂಲಗಿತ್ತಿ

ಸೇಡಂ ಹತ್ತಿರದ ಒಂದು ಹಳ್ಳಿಯ ಕೇರಿಯಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಊರೆಲ್ಲ ಆಕೆಗೆ ಆಯಿ ಎನ್ನುತ್ತಿತ್ತು. ಊರೊಳಗೆ ಓಡಾಡುವ ಅರ್ಧ ಮಂದಿ ಮೊದಲು ಬಿದ್ದದ್ದು ಆಕೆಯ ಕೈಯೊಳಗೇ. ಆದರೂ ಬಾಣಂತಿಯ ಮನೆಗೆ ಆಕೆ ಹಿತ್ತಲ ಬಾಗಿಲಿನಿಂದ ಬರಬೇಕು, ಹಿತ್ತಲ ಬಾಗಿಲಿನಿಂದ ಹೋಗಬೇಕು. ಮೇಲಾಗಿ ಸಾಹೇಬರ ದೌರೆ ಬಂದಾಗ ಗೌಡರ ಆಳು ಬಂದು ಬಿಟ್ಟಿ ಕೆಲಸಕ್ಕೆ ಕರೆಯುತ್ತಿದ್ದ. ಆ ವಯಸ್ಸಿನಲ್ಲಿ ಆಕೆ ಸಾಹೇಬರ ಡೇರೆಯ ಸುತ್ತ ಕಸ ಹೊಡೆಯಬೇಕು.

ಇದನ್ನು ನಿಲ್ಲಿಸಬೇಕೆಂದು ನಾನು ಮನಸ್ಸು ಬಿಚ್ಚಿ ಬರೆದೆ. ಆಕೆಯ ಕೈಗುಣ, ಆಕೆಯ ತಾಳ್ಮೆ, ಆಕೆ ಉಳಿಸಿದ ಜೀವಗಳು, ಎಲ್ಲ. ಅಚ್ಚಾಗಿ ಬಂತು, ಒಂದಕ್ಷರವೂ ಕಡಿಮೆಯಾಗದೆ. ಆದರೆ ಆಕೆಯ ಹೆಸರಿನ ಹಿಂದೆ 'ಮರಹೂಮಾ' ಎಂದು ಸೇರಿತ್ತು. ಅಂದರೆ ದಿವಂಗತ. ತೀರಿಕೊಂಡ ದಿನವನ್ನೂ ಹಾಕಿದ್ದರು.

ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ಸಂಪಾದಕರ ಉತ್ತರ ಬಂತು: "ಕೇರಿಯ ಹೆಂಗಸನ್ನು ಇಷ್ಟು ಹೊಗಳಿದ್ದೀರಿ ಎಂದ ಮೇಲೆ ತೀರಿಕೊಂಡಿರಲೇಬೇಕು. ನೀವು ಹೇಳಲು ಮರೆತಿದ್ದಿರಿ, ನಾವೇ ಸೇರಿಸಿದೆವು."

ಪೇಪರು ಬಗಲಲ್ಲಿಟ್ಟುಕೊಂಡು ಆಯಿಯ ಗುಡಿಸಲಿಗೆ ಹೋದೆ. ಆಕೆ ಜೋಳ ಹಸನು ಮಾಡುತ್ತಿದ್ದಳು. ಇದ್ದದ್ದು ಹೇಳಿದೆ.

"ನಾ ಸತ್ತೀನಂತ? ಯಾವಾಗ?"

"ಹೋದ ಸೋಮವಾರ ಅಂತ ಹಾಕ್ಯಾರ, ಆಯಿ."

"ಸೋಮವಾರ ನಾ ಬ್ಯಾಳಿ ಒಡೀಲಿಕತ್ತಿದ್ದೆ" ಎಂದು ಆಕೆ ಮೊರ ಕೊಡವಿದಳು. "ಮತ್ತೇನೇನು ಬರದಾರ, ಓದು."

ಓದಿದೆ. ಆಕೆಯ ಕೈ ನಿಂತಿತು. ಕೊನೆಯವರೆಗೂ ಕೇಳಿ, "ಇರೂತನಕ ಯಾರೂ ಇಷ್ಟು ಚೊಲೋ ಮಾತು ಆಡಲಿಲ್ಲ ನೋಡಪಾ" ಎಂದಳು. ತಿದ್ದುಪಡಿ ಹಾಕಿಸಿಯೇ ಸೈ ಎಂದು ಮಾತು ಕೊಟ್ಟೆ. ಸಂಪಾದಕರು ಒಪ್ಪಲಿಲ್ಲ. ಒಬ್ಬ ಮುದುಕಿಗಾಗಿ ತಿದ್ದುಪಡಿ ಹಾಕಿದರೆ ಪೇಪರಿನ ಮರ್ಯಾದೆ ಏನಾಗಬೇಕು, ಹೇಗೂ ಒಂದು ದಿನ ಸುದ್ದಿ ಖರೆಯಾಗುತ್ತದೆ, ತಾಳಿರಿ ಎಂದರು.

ಅಷ್ಟರೊಳಗೆ ಆ ಊರಿಗೆ ಸಾಹೇಬರ ದೌರೆ ಬಂತು. ಗೌಡರ ಆಳು ಆಯಿಯನ್ನು ಕರೆಯಲು ಹೋದ. ಇತ್ತ ಡೇರೆಯೊಳಗೆ ಸಾಹೇಬರು ಗೌಡರಿಗೆ ಹೇಳಿದರು: "ನಿಮ್ಮ ಊರ ಸೂಲಗಿತ್ತಿ ತೀರಿಹೋದಳಂತೆ. ಪೇಪರಿನಲ್ಲಿ ಓದಿ ಕೆಟ್ಟೆನಿಸಿತು." ಸಾಹೇಬರ ಮಾತು ಅಲ್ಲ ಎಂದು ಗೌಡರು ಜನ್ಮದಲ್ಲಿ ಅಂದವರಲ್ಲ. "ಹೌದು ಸರ್ಕಾರ್, ಭಾಳ ಒಳ್ಳೆ ಹೆಣ್ಮಗಳು" ಎಂದು ಕಣ್ಣೊರೆಸಿಕೊಂಡರು. ಹಾಗೆ ಅಂದ ಮೇಲೆ ಆಕೆಯಿಂದ ಅದೇ ಡೇರೆಯ ಮುಂದೆ ಕಸ ಹೊಡೆಸುವುದು ಹೇಗೆ? ಆಳನ್ನು ಅರ್ಧ ದಾರಿಯಿಂದ ತಿರುಗಿ ಕರೆಸಿದರು.

ಕೆಲವು ತಿಂಗಳಿಗೆ ಗೌಡರ ಸೊಸೆಗೆ ಬೇನೆ ಶುರುವಾಯಿತು. ಕೂಸು ಅಡ್ಡ ತಿರುಗಿತ್ತು. ಹುಡುಗಿ ಬದುಕುವುದು ಕಠಿಣ ಎಂದು ಮನೆಯವರೆಲ್ಲ ಅಳುತ್ತ ನಿಂತರು. ಆಯಿಗೆ ಹೇಳಿ ಕಳಿಸಿದಾಗ ಆಕೆ ಕೂಡಲೇ ಬಂದಳು. ಬೆಳಗಿನಿಂದ ಇಳಿಹೊತ್ತಿನವರೆಗೆ ಹುಡುಗಿಯ ಬಾಜೂಕ ಕುಳಿತು, ತಾಯಿ ಮಗು ಇಬ್ಬರನ್ನೂ ಉಳಿಸಿ ಹಿತ್ತಲ ಬಾಗಿಲಿನಿಂದ ಮನೆಗೆ ಹೋದಳು.

ಸುದ್ದಿ ಕೇಳಿ ಸೊಸೆಯ ತಂದೆ ಬಂದರು. ಪಟ್ಟಣದಲ್ಲಿ ವಕೀಲರು, ದಿನಾ ಪೇಪರು ಓದುವವರು. "ಹೆರಿಗೆ ಮಾಡಿಸಿದವರು ಯಾರು?" ಎಂದರು. ಆಯಿ ಎಂದು ಉತ್ತರ ಬಂತು.

"ಆಕೆ ಸತ್ತು ತಿಂಗಳುಗಳಾದವಲ್ಲ. ಪೇಪರಿನಲ್ಲಿ ಬಂದಿತ್ತು."

"ಪೇಪರಿನವರದು ಸುಳ್ಳು, ಬೀಗರೇ" ಎಂದರು ಗೌಡರು.

"ಪೇಪರಿನವರದು ಸುಳ್ಳಿರಬಹುದು. ಸಾಹೇಬರ ಮುಂದೆ ನೀವೇ ಹೌದು ಅಂದಿರಂತಲ್ಲ, ಅದೂ ಸುಳ್ಳೇ?"

ಈ ಮಾತು ಸೇಡಮ್ಮಿನ ಸಂತೆಗೆ ಮುಟ್ಟಿತು. ಗೌಡರ ಸೊಸೆಗೆ ದೆವ್ವ ಬಂದು ಹೆರಿಗೆ ಮಾಡಿಸಿದೆ ಎಂದು ಸುತ್ತಲ ಹಳ್ಳಿಗಳಲ್ಲಿ ಗುಲ್ಲೆದ್ದಿತು. ತೊಟ್ಟಿಲ ಕಾರ್ಯಕ್ಕೆ ಬರುವುದಿಲ್ಲ ಎಂದು ಬೀಗರ ಕಡೆಯ ಹೆಂಗಸರು ಹೇಳಿ ಕಳಿಸಿದರು. ಗೌಡರ ಹೆಂಡತಿ ಊಟ ಬಿಟ್ಟು ಮಲಗಿದರು.

ಗೌಡರು ನನ್ನನ್ನು ಕರೆದುಕೊಂಡು ಕೇರಿಗೆ ನಡೆದರು. ಆ ಕೇರಿಯೊಳಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಗುಡಿಸಲಿನ ಮುಂದೆ ನಿಂತು, "ಆಯಿ, ತೊಟ್ಟಿಲ ದಿನ ಬಂದು ಒಂದಿಷ್ಟು ಮಂದಿಗಿ ಮುಖ ತೋರಿಸಬೇಕು ನೋಡು" ಎಂದರು.

"ಬರ್ತೀನ್ರಿ ಗೌಡ್ರ. ಖರೆ ಹಿತ್ತಲ ಬಾಗಲದಿಂದ ಬಂದ್ರ ಯಾರು ನಂಬ್ತಾರ? ದೆವ್ವ ಬರೋದೇ ಹಿತ್ತಲ ಕಡಿಯಿಂದ. ತಲಬಾಗಲದಿಂದ ಬರ್ತೀನಿ, ಎಲ್ಲಾರ ಮುಂದ."

ಗೌಡರು ನೆಲ ನೋಡುತ್ತ ಹೇಳಿದರು: "ಬಾ."

"ಇನ್ನೊಂದು ಮಾತು. ಕಸ ಹೊಡ್ಯಾಕಿ ಸತ್ತಾಳಂತ ನೀವೇ ಸಾಹೇಬ್ರ ಮುಂದ ಹೇಳೀರಿ. ಅಕಿ ಸತ್ತೇ ಇರಲಿ. ಸೂಲಗಿತ್ತಿ ಜೀವಂತ ಅದಾಳ."

ಗೌಡರು ಅದಕ್ಕೂ ಗೋಣು ಹಾಕಿದರು. ಅಂದೇ ಸೇಡಂ ಸ್ಟೇಷನ್ನಿನಿಂದ ತಮ್ಮ ಹೆಸರಲ್ಲಿ ಪೇಪರಿಗೆ ತಾರು, ಅಂದರೆ ತಂತಿ, ಹೊಡೆಸಿದರು. ಗೌಡರ ತಾರು ಎಂದ ಕೂಡಲೇ ಪೇಪರಿನ ಮರ್ಯಾದೆಯ ಪ್ರಶ್ನೆ ಎಲ್ಲಿ ಹೋಯಿತೋ. ಮೊದಲ ಪುಟದಲ್ಲೇ, ಮೊಹ್ತರಮಾ ಎಂಬ ಗೌರವದ ಮಾತು ಹಚ್ಚಿಕೊಂಡು ಬಂತು: 'ಮೊಹ್ತರಮಾ ಸೂಲಗಿತ್ತಿಯವರು ಬದುಕಿದ್ದಾರೆ, ಆರೋಗ್ಯವಾಗಿದ್ದಾರೆ.'

ತೊಟ್ಟಿಲ ದಿನ ಬೀಗರ ಹೆಂಗಸರು ಅಂಜುತ್ತಲೇ ಬಂದು ಗೋಡೆಗೆ ಅಂಟಿಕೊಂಡು ಕುಳಿತಿದ್ದರು. ಆಯಿ ತೊಳೆದ ಸೀರೆ ಉಟ್ಟು, ತಲಬಾಗಿಲು ದಾಟಿ, ನಡುಮನೆಯ ಜಮಖಾನೆಯ ಮೇಲೆ ಬಂದು ಕುಳಿತಳು. ನಾನು ಪೇಪರು ಓದಿ ತೋರಿಸಿದೆ. ಪೇಪರಿನ ಮೇಲೆ ಅವರಿಗೆ ನಂಬಿಗೆ ಹೋಗಿತ್ತು. ಕೊನೆಗೆ ಅವರೊಳಗಿನ ಹಿರಿಯಾಕೆಯೊಬ್ಬಳು, "ದೆವ್ವ ಉಣ್ಣೂದಿಲ್ಲಂತ, ಊಟಕ್ಕ ನೀಡಿ ನೋಡ್ರಿ" ಎಂದಳು.

ಎಲೆ ಹಾಕಿದರು. ಗೌಡರ ಹೆಂಡತಿಯೇ ಹೋಳಿಗೆ ನೀಡಿದರು, ಮೇಲೆ ತುಪ್ಪ ಸುರಿದರು. ಆಯಿ ಅವಸರ ಮಾಡದೆ ಉಂಡಳು. ಅದು ಮುಗಿಯಿತು, ಇನ್ನೊಂದು ಬಂತು. ಅದೂ ಮುಗಿಯಿತು. ಗೋಡೆಗೆ ಅಂಟಿದ್ದ ಹೆಂಗಸರು ಒಬ್ಬೊಬ್ಬರಾಗಿ ಮುಂದೆ ಸರಿದರು. ಕಡೆಗೆ ಆ ಹಿರಿಯಾಕೆ ಉಸಿರು ಬಿಟ್ಟು, "ಖರೇನೇ ಮನಶ್ಯಾಳ ಅದಾಳ ಬಿಡ್ರೆವ್ವಾ" ಎಂದಳು.

ಆಯಿ ಬೆರಳಿಗೆ ಹತ್ತಿದ ತುಪ್ಪ ನೆಕ್ಕಿ, ಸಾಲಾಗಿ ಕುಳಿತವರನ್ನೆಲ್ಲ ಒಮ್ಮೆ ನೋಡಿದಳು.

"ಹಂಗ ಲಗೂ ನಂಬಬ್ಯಾಡ್ರೆವ್ವಾ. ಆ ಮೂಲ್ಯಾಗ ಕುಂತಾಕಿಗಿ ಇನ್ನೂ ಸಂಶೆ ಅದ. ಇನ್ನೊಂದ ಹೋಳಿಗಿ ಹಾಕ್ರಿ."